ನಾಲ್ಕು ತತ್ತಿ, ಒಂದು ಮಾತು

ಹೋದ ವರ್ಷ ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನಮ್ಮ ಹಕ್ಕಿ ನೋಡುವವರ ವಾಟ್ಸಾಪ್ ಗುಂಪಿಗೆ ಎರಡು ಫೋಟೋ ಬಂದವು. ಮೊದಲನೆಯದರಲ್ಲಿ ಗರಸು ನೆಲ, ಸಣ್ಣ ಸಣ್ಣ ಕಲ್ಲು, ಅವುಗಳ ನಡುವೆ ಕಲ್ಲಿನಂತೆಯೇ ಕಾಣುವ ನಾಲ್ಕು ತತ್ತಿ. ಎರಡನೆಯದು ಅದೇ ಜಾಗದ್ದು, ಸ್ವಲ್ಪ ದೂರದಿಂದ ತೆಗೆದದ್ದು. ಅದರಲ್ಲಿ ನಾಲ್ಕು ಕಡೆ ಕೋಲು ನೆಟ್ಟು ಹಗ್ಗ ಸುತ್ತಿದ್ದು ಕಾಣುತ್ತಿತ್ತು. ಕೆಳಗೆ ಬರೆದದ್ದು ಇಷ್ಟೇ: "ನಮ್ಮ ಹೊಲದಾಗ ಟಿಟ್ಟಿಭದ ನಾಕ್ ತತ್ತಿ. ನಿನ್ನೆ ತಗದೀನಿ."

ಕಳಿಸಿದವರು ಸುರಪುರ ಕಡೆಯ ಒಬ್ಬ ರೈತರು. ಅರವತ್ತು ದಾಟಿದವರು. ಗುಂಪಿನಲ್ಲಿ ಎಲ್ಲರೂ ಅವರನ್ನು ಕಾಕಾ ಅಂತಲೇ ಕರೆಯುತ್ತೇವೆ. ಬರೆಯುವುದು ಕಡಿಮೆ. ಬೋನಾಳ ಕೆರೆಗೆ ಚಳಿಗಾಲದಲ್ಲಿ ಪಟ್ಟೆ ತಲೆಯ ಹೆಬ್ಬಾತು ಬಂದಾಗ ಮಾತ್ರ ತಪ್ಪದೆ ಒಂದು ಸಾಲು ಹಾಕುತ್ತಿದ್ದರು, "ಬಂದಾವ" ಅಂತ.

ನಮ್ಮ ಗುಂಪು ಶುರುವಾಗಿದ್ದು 2020ರ ಲಾಕ್‌ಡೌನ್‌ನಲ್ಲಿ. ಕಲಬುರಗಿಯ ನಾವು ಎಂಟು ಜನ ಮಾಳಿಗೆ ಮೇಲೆ ನಿಂತು ಕಂಡ ಹಕ್ಕಿ ಬರೆದುಕೊಳ್ಳಲು ಮಾಡಿಕೊಂಡದ್ದು. ಆಮೇಲೆ ಬೀದರ್, ಯಾದಗಿರಿಯವರು ಸೇರಿದರು, ಅವರ ಗೆಳೆಯರು ಅಂತ ಮೈಸೂರು, ಬೆಂಗಳೂರಿನವರೂ ಸೇರಿದರು. ಈಗ ನೂರ ಮೂವತ್ತು ಜನ. ನಾನು ಮೂವರು ಅಡ್ಮಿನ್‌ಗಳಲ್ಲಿ ಒಬ್ಬಳು.

ಗುಂಪಿನಲ್ಲಿ ಒಂದು ನಿಯಮ ಇತ್ತು. ಗೂಡು, ಮೊಟ್ಟೆ, ಮರಿಗಳ ಫೋಟೋ ಹಾಕಬಾರದು. ಅದಕ್ಕೆ ಕಾರಣವೂ ಇತ್ತು. ಬೀದರಿನ ಒಬ್ಬ ಹುಡುಗ, ಕೃಷ್ಣಮೃಗದ ಫೋಟೋ ತುಂಬಾ ಚೆನ್ನಾಗಿ ತೆಗೆಯುತ್ತಾನೆ, ಹಿಂದೊಮ್ಮೆ ಒಂದು ಗೂಡಿನ ಫೋಟೋ ಹಾಕಿ ಜಾಗವನ್ನೂ ಹೇಳಿಬಿಟ್ಟಿದ್ದ. ಒಂದೇ ವಾರದಲ್ಲಿ ಎಲ್ಲೆಲ್ಲಿಂದಲೋ ಜನ ಕ್ಯಾಮೆರಾ ಹಿಡಿದು ಬಂದರು, ಅಡ್ಡ ಬಂದ ಕೊಂಬೆ ಮುರಿದರು, ತಾಯಿ ಹಕ್ಕಿ ಗೂಡು ಬಿಟ್ಟು ಹೋಯಿತು. ಅವನು ಅದನ್ನು ಇವತ್ತಿಗೂ ಮರೆತಿಲ್ಲ.

ಹಾಗಾಗಿ ಆ ದಿನ ಮೊದಲು ಬರೆದವನು ಅವನೇ. "ತತ್ತಿ ಯಾಕ ತಗದ್ರಿ?" ಅಂದ. ಮೈಸೂರಿನ ಒಬ್ಬ ಅಕ್ಕ, "ಮೊಟ್ಟೆ ತೆಗೆದು ಏನ್ ಮಾಡಿದ್ರಿ?" ಅಂತ ಕೇಳಿದರು. ಇನ್ನೊಬ್ಬರು ಎರಡನೇ ಫೋಟೋಗೆ ಕೆಂಪು ಗೆರೆ ಎಳೆದು, ಇದು ಉರುಲು ಅಲ್ವಾ ಅಂದರು. ಮತ್ತೊಬ್ಬರು ಅರಣ್ಯ ಇಲಾಖೆಗೆ ಹೇಳಬೇಕು ಅಂದರು. ಕಾಕಾ ನಡುವೆ ಒಂದೇ ಒಂದು ಸಲ ಬರೆದರು: "ನಾ ಏನೂ ಮಾಡಿಲ್ರಿ." ಅದು ಯಾರ ಕಣ್ಣಿಗೂ ಬೀಳಲಿಲ್ಲ. ಅಷ್ಟರಲ್ಲಿ ಮೇಲೆ ಕೆಳಗೆ ಇಪ್ಪತ್ತು ಮೆಸೇಜ್ ಬಂದಿದ್ದವು.

ನಾನು ಮದುವೆ ಮನೆಯಲ್ಲಿದ್ದೆ. ಊಟದ ಸಾಲಿನಲ್ಲಿ ನಿಂತು ಫೋನ್ ನೋಡಿದೆ. ಮೇಲಿಂದ ಓದಲಿಲ್ಲ. ಕೊನೆಯ ಹತ್ತು ಮೆಸೇಜ್ ಮಾತ್ರ ಓದಿ, ಅಡ್ಮಿನ್ ಆಗಿ ಏನಾದರೂ ಹೇಳಬೇಕು ಅನ್ನಿಸಿ, ಉದ್ದಕ್ಕೆ ಬರೆದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಬರೀ ಕೊಲ್ಲುವುದಲ್ಲ, ಹಕ್ಕಿಯ ಮೊಟ್ಟೆ ಹಾಳು ಮಾಡುವುದು, ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಬೇಟೆಯೇ ಅಂತ ಇದೆ. ಅದನ್ನೇ ಬರೆದೆ. "ಕಾಕಾ, ನೀವು ಮಾಡಿದ್ದು ಕಾನೂನಿನ ಪ್ರಕಾರ ಬೇಟೆ. ದಯವಿಟ್ಟು ಫೋಟೋ ತೆಗೆದುಹಾಕಿ" ಅಂತ ಮುಗಿಸಿದೆ. ಮೂವತ್ತು ಜನ ಹೆಬ್ಬೆರಳು ಎತ್ತಿದರು. ನನಗೆ ನಾನು ಸರಿಯಾದ ಕೆಲಸ ಮಾಡಿದೆ ಅನ್ನಿಸಿತು. ಹೋಗಿ ಊಟಕ್ಕೆ ಕೂತೆ.

ಸ್ವಲ್ಪ ಹೊತ್ತಿಗೆ ಅವರು ಗುಂಪು ಬಿಟ್ಟರು. ಈಗ ವಾಟ್ಸಾಪ್‌ನಲ್ಲಿ ಯಾರಾದರೂ ಗುಂಪು ಬಿಟ್ಟರೆ ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಬರುತ್ತದೆ, ಉಳಿದವರಿಗೆ ಬರುವುದಿಲ್ಲ. ಆದ್ದರಿಂದ ಮಂದಿ ಸಂಜೆವರೆಗೂ ಅವರನ್ನೇ ಉದ್ದೇಶಿಸಿ ಬರೆಯುತ್ತಲೇ ಇದ್ದರು. ಉತ್ತರ ಕೊಡದೆ ಸುಮ್ನೆ ಕೂತಿದ್ದಾರೆ ನೋಡಿ ಅಂತ ಒಬ್ಬರು. ತಪ್ಪು ಮಾಡಿದವರು ಹೀಗೇ ಅಂತ ಇನ್ನೊಬ್ಬರು. ಅಲ್ಲಿ ಅವರು ಇಲ್ಲ ಅಂತ ಗೊತ್ತಿದ್ದೂ ನಾನು ಹೇಳಲಿಲ್ಲ. ಇಡೀ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡುವುದು ಇದೇ.

ರಾತ್ರಿ ಅಮ್ಮ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಅವಳ ತವರು ಜೇವರ್ಗಿ ಕಡೆ. ಏನಾಯಿತು ಅಂತ ಕೇಳಿದಳು. ನಾನು ಹೇಳುವ ಬದಲು ಕಾಕಾ ಬರೆದದ್ದನ್ನೇ ಓದಿದೆ. "ನಮ್ಮ ಹೊಲದಾಗ ಟಿಟ್ಟಿಭದ ನಾಕ್ ತತ್ತಿ. ನಿನ್ನೆ ತಗದೀನಿ."

ಅಮ್ಮ ಮೊರ ಕೆಳಗಿಟ್ಟಳು. "ಫೋಟೋ ತಗದಾನ ಅಲ್ಲೇನು? ಅದರಾಗ ಏನ್ ತಪ್ಪೈತಿ?"

ಫೋಟೋ ತೆಗೆಯುವುದು. ತತ್ತಿ ತೆಗೆಯುವುದು. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಶಬ್ದ. ಫೋಟೋ ಕಳಿಸಿ ಅದರ ಕೆಳಗೆ "ನಿನ್ನೆ ತಗದೀನಿ" ಅಂದರೆ ಇದು ನಿನ್ನೆಯ ಫೋಟೋ ಅಂತ ಅರ್ಥ, ಅಷ್ಟೇ. ನಾವು ಎಲ್ಲರೂ ಹಾಗೇ ಬರೆಯುತ್ತೇವೆ. ನಾನೂ ನೂರು ಸಲ ಬರೆದಿದ್ದೇನೆ. ಆ ಫೋಟೋದಲ್ಲಿ ತತ್ತಿ ಇದ್ದಲ್ಲೇ ಇವೆಯಲ್ಲ ಅಂತ ಕೂಡ ಯಾರೂ ಯೋಚಿಸಲಿಲ್ಲ. ಮೊದಲು ಓದಿದವನು ಒಂದು ಅರ್ಥದಲ್ಲಿ ಓದಿದ, ಉಳಿದವರು ಫೋಟೋ ನೋಡುವುದಕ್ಕಿಂತ ಮುಂಚೆ ಅವನ ಪ್ರಶ್ನೆ ಓದಿದರು. ಆಮೇಲೆ ಎಲ್ಲರಿಗೂ ಅದೇ ಅರ್ಥ ಕಂಡಿತು, ಹಗ್ಗ ಉರುಲಾಗಿ ಕಂಡಿತು, ಕಾಕಾ ಸುಮ್ಮನಿದ್ದದ್ದು ತಪ್ಪೊಪ್ಪಿಗೆಯಾಗಿ ಕಂಡಿತು.

ನನ್ನ ಮೆಸೇಜ್ ಅಳಿಸಿಬಿಡೋಣ ಅಂತ ಮೊದಲು ಅನ್ನಿಸಿತು. ಅದಕ್ಕೆ ಇನ್ನೂ ಸಮಯ ಇತ್ತು. ಆದರೆ ಅಳಿಸಿದರೆ ನೂರ ಮೂವತ್ತು ಜನರ ತಲೆಯಲ್ಲಿ ಕೂತ ಮಾತು ಹೋಗುತ್ತದಾ? ಹೋಗುವುದಿಲ್ಲ. ಅದನ್ನು ನಾನೇ ಬರೆದದ್ದು ಅನ್ನುವ ಗುರುತು ಮಾತ್ರ ಹೋಗುತ್ತದೆ. ಹಾಗೇ ಬಿಟ್ಟೆ.

ಇನ್ನೊಂದು ತಪ್ಪು ಆ ರಾತ್ರಿಯೇ ಮಾಡಿದೆ. ಅಡ್ಮಿನ್‌ಗಳು ಮಾತ್ರ ಬರೆಯುವ ಹಾಗೆ ಗುಂಪನ್ನು ಬಂದ್ ಮಾಡಿದೆ. ಬೆಂಕಿಗೆ ನೀರು ಹಾಕಿದೆ ಅಂದುಕೊಂಡೆ. ಬೆಳಿಗ್ಗೆ ಎದ್ದರೆ ಬೀದರಿನ ಹುಡುಗ ನನಗೆ ಖಾಸಗಿಯಾಗಿ ಬರೆದಿದ್ದ. "ಅಕ್ಕಾ, ನನ್ನ ಬಾಯಿ ಮುಚ್ಚಿಸಿದ್ರಿ. ಹಿರಿಯರು ಅಂತ ಅವರ ಕಡೆ ಆದ್ರಿ." ಕಾರಣ ಹೇಳದೆ ಬಂದ್ ಮಾಡಿದ್ದೆನಲ್ಲ, ಅವನು ಹಾಗೆ ತಿಳಿದದ್ದರಲ್ಲಿ ಏನೂ ವಿಚಿತ್ರವಿಲ್ಲ.

ಟೈಪ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿದೆ. ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಮೊದಲು ಅವನಿಗೆ. ಅರ್ಧ ಗಂಟೆ ಮಾತಾಡಿದೆವು, ಅದರಲ್ಲಿ ಇಪ್ಪತ್ತು ನಿಮಿಷ ಅವನು ಆ ಹಳೇ ಗೂಡಿನ ಕಥೆಯನ್ನೇ ಹೇಳಿದ. ನಾನು ಕೇಳಿದೆ. ಆಮೇಲೆ "ತಗದೀನಿ" ಬಗ್ಗೆ ಅಮ್ಮ ಹೇಳಿದ್ದನ್ನು ಹೇಳಿದೆ. ಬಹಳ ಹೊತ್ತು ಏನೂ ಅನ್ನಲಿಲ್ಲ. "ಅಯ್ಯೋ ದೇವರೇ" ಅಂದ. ಮೈಸೂರಿನ ಅಕ್ಕನಿಗೆ ಮಾಡಿದಾಗ ಅವರು, ನಾನು ನಿಜವಾಗಲೂ ಏನು ಮಾಡಿದ್ರಿ ಅಂತ ತಿಳಿಯೋಕೆ ಕೇಳಿದ್ದು, ಬೈಯೋಕಲ್ಲ ಅಂದರು. ಅದು ನನಗೆ ಗೊತ್ತಾಗಿರಲಿಲ್ಲ. ಬರೆದದ್ದಕ್ಕೆ ದನಿ ಇರುವುದಿಲ್ಲ ನೋಡಿ. ಅದಕ್ಕೂ ಮುಂಚೆ ಒಮ್ಮೆ ಅವರೇ, ನಿಮ್ಮ ಕಡೆಯವರು ಮಾತು ಮಾತಿಗೂ "ಏನ್ರೀ" ಅಂತಾರೆ, ಜಗಳಕ್ಕೆ ಬಂದ ಹಾಗೆ ಕೇಳುತ್ತದೆ ಅಂದಿದ್ದರು. ನಮ್ಮಲ್ಲಿ "ರೀ" ಇಲ್ಲದೆ ಹಿರಿಯರನ್ನು ಮಾತಾಡಿಸಿದರೆ ಅದೇ ಮರ್ಯಾದೆಗೇಡು.

ಕಾಕಾ ಮಾತ್ರ ಫೋನ್ ಎತ್ತಲಿಲ್ಲ. ಮೂರನೇ ಸಲ ಅವರ ಮಗ ಎತ್ತಿದ. "ನಮ್ಮಪ್ಪಗ ಕಳ್ಳ ಅಂದೀರಿ, ಮತ್ಯಾಕ ಫೋನ್ ಮಾಡ್ತೀರಿ?" ಅಂದ. ನಾನು ಕಳ್ಳ ಅಂದಿಲ್ಲ ಅಂತ ಹೇಳಲು ಬಾಯಿ ತೆಗೆದೆ, ನಿಲ್ಲಿಸಿಕೊಂಡೆ. ತಪ್ಪಾಗಿದೆ, ಬಂದು ಭೇಟಿಯಾಗಲಾ ಅಂತ ಕೇಳಿದೆ. "ಬರೋರಿಗೆ ಬ್ಯಾಡ ಅನ್ನೋದಿಲ್ರಿ" ಅಂದು ಇಟ್ಟುಬಿಟ್ಟ.

ಬುಧವಾರ ನಸುಕಿನ ಬಸ್ ಹಿಡಿದೆ, ತಮ್ಮನನ್ನು ಜೊತೆಗೆ ಕರೆದುಕೊಂಡು. ಕಟ್ಟಿಸಂಗಾವಿ ಹತ್ತಿರ ಭೀಮೆಯಲ್ಲಿ ನೀರು ಅಲ್ಲಲ್ಲಿ ಮಾತ್ರ ನಿಂತಿತ್ತು. ಶಹಾಪುರ ಬಂದಾಗ ಮಲಗಿದ ಬುದ್ಧನ ಹಾಗೆ ಕಾಣುವ ಆ ಬೆಟ್ಟದ ಮೇಲೆ ಬಿಸಿಲು ಆಗಲೇ ಏರಿತ್ತು. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಜೋಡಿಸುತ್ತಾ ಹೋದೆ. ಅದ್ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಕಾಕಾ ಮನೆ ಮುಂದಿನ ಬೇವಿನ ಗಿಡದ ಕೆಳಗೆ ಕೂತಿದ್ದರು. "ಬರ್ರಿ, ಬಿಸಲಾಗ ಬಂದೀರಿ" ಅಂದರು. ನೀರು ಕೊಟ್ಟರು. ಮಾತಿಗೊಮ್ಮೆ ಅವ್ವಾ ಅಂತ ಕರೆಯುವವರು ಅವತ್ತು ಹಾಗೆ ಅನ್ನಲಿಲ್ಲ. ನಾನು ಹೇಳಿದೆ, "ಕಾಕಾ, ನಾ ಮ್ಯಾಲಿಂದ ಓದಲಿಲ್ಲ. ನಿಮಗ ಕೇಳಲೂ ಇಲ್ಲ. ಕೇಳದೇ ಬರದೆ. ತಪ್ಪಾತು." ಮೆಸೇಜ್‌ನಲ್ಲಿ ಗೊಂದಲ ಆಯಿತು, ಎಲ್ಲರೂ ಹಾಗೇ ಓದಿದರು ಅಂತೆಲ್ಲಾ ಜೋಡಿಸಿಕೊಂಡು ಬಂದಿದ್ದೆ. ಅವರ ಮುಖ ನೋಡಿದ ಮೇಲೆ ಅದು ಬಾಯಿಗೆ ಬರಲಿಲ್ಲ.

ಅವರು ಸ್ವಲ್ಪ ಹೊತ್ತು ನೆಲ ನೋಡಿದರು. ಆಮೇಲೆ ಹೇಳಿದರು. "ತತ್ತಿ ತಗದಿ ಅಂದ್ರು, ಅದಕ್ಕ ನನಗ ಸಿಟ್ಟು ಬರಲಿಲ್ಲ. ತಿಳೀಲಾರದೇ ಅಂದಾರ, ಹೇಳಿದ್ರ ತಿಳೀತದ. ಆದ್ರ ನೀವು ಬೇಟೆ ಅಂತ ಬರದ್ರಿ ನೋಡ್ರಿ. ನಮ್ಮದು ಬೇಡರ ಮನಿತನ. ಸಣ್ಣಾಂವ ಇದ್ದಾಗಿಂದ ಈ ಮಾತು ಕೇಳೀನಿ. ಸಾಲ್ಯಾಗ ಕೇಳೀನಿ, ಬಜಾರದಾಗ ಕೇಳೀನಿ. ನಿಮ್ಮ ಗುಂಪಿನಾಗೂ ಅದನ್ನೇ ಕೇಳಬೇಕಾತು."

ನನಗೆ ಕೈಕಾಲು ತಣ್ಣಗಾದವು. ಸುರಪುರ ಅಂದರೆ ಬೇಡ ನಾಯಕರ ಸಂಸ್ಥಾನ. 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತ ರಾಜಾ ವೆಂಕಟಪ್ಪ ನಾಯಕರ ಊರು. ಆ ಹೆಸರನ್ನು ಅಲ್ಲಿಯವರು ತಲೆ ಎತ್ತಿ ಹೇಳುತ್ತಾರೆ. ಅದೇ ಹೆಸರಿಗೆ ಬೇಟೆ ಅನ್ನುವುದನ್ನು ಅಂಟಿಸಿ ಹೀಯಾಳಿಸುವವರೂ ಇದ್ದಾರೆ ಅನ್ನುವುದು ನಾನು ಯೋಚನೆಯನ್ನೇ ಮಾಡದ ವಿಷಯ. ನಾನು ಬರೆದದ್ದು ಕಾಯ್ದೆಯ ಶಬ್ದ. ಅವರಿಗೆ ಮುಟ್ಟಿದ್ದು ಅರವತ್ತು ವರ್ಷದಿಂದ ಕೇಳಿದ ಶಬ್ದ. ನನಗೆ ಅವರ ಮನೆತನ ಗೊತ್ತಿರಲಿಲ್ಲ ಅನ್ನುವುದು ಖರೆ. ಆದರೆ ಗೊತ್ತಿಲ್ಲದವಳು ಅಷ್ಟು ದೊಡ್ಡ ಮಾತನ್ನು ನೂರ ಮೂವತ್ತು ಜನರ ಮುಂದೆ ಬರೆಯಬೇಕಾಗಿತ್ತಾ? ಫೋನ್ ನಂಬರ್ ಇತ್ತಲ್ಲ.

ನಾನು ಅತ್ತೆ. ಅವರು "ಅಳಬ್ಯಾಡವ್ವಾ, ಹೊಲಕ್ಕ ಹೋಗೂನು ಬಾ" ಅಂದರು.

ಹೊಲದ ಬದುವಿನ ಮೇಲೆ ನಿಂತು ದೂರದಿಂದಲೇ ಬೈನಾಕ್ಯುಲರ್‌ನಲ್ಲಿ ನೋಡಿದೆವು. ಕಣ್ಣಿನ ಮುಂದೆ ಹಳದಿ ತೊಗಲು, ಕಪ್ಪು ನೆತ್ತಿ. ಹಳದಿ ಟಿಟ್ಟಿಭ. ಕೆರೆ ಬದಿಯಲ್ಲಿ ನಾವು ಜಾಸ್ತಿ ಕಾಣುವುದು ಕೆಂಪು ಟಿಟ್ಟಿಭ. ಹಳದಿಯದು ಒಣ ಹೊಲ, ಗರಸು ಬಯಲಿನದು, ಮುಂಗಾರಿಗೆ ಮುಂಚೆ ಬರೀ ನೆಲದ ಮೇಲೆಯೇ ತತ್ತಿ ಇಡುತ್ತದೆ. ಹೊಲದ ಉಳಿದ ಭಾಗವೆಲ್ಲಾ ಹರಗಿ ಆಗಿತ್ತು. ನಡುವೆ ಹತ್ತು ಹೆಜ್ಜೆ ಅಗಲದ ಒಂದು ತುಂಡು ಮಾತ್ರ ಹಾಗೇ ಬಿಟ್ಟಿದ್ದರು. ಕೋಲು, ಹಗ್ಗ ಇದ್ದದ್ದು ಟ್ರ್ಯಾಕ್ಟರ್ ಹುಡುಗನಿಗೆ ಗೊತ್ತಾಗಲಿ ಅಂತ. "ಅಂವಗ ಹೇಳಿದ್ರ ಮರೀತಾನ, ಅದಕ್ಕ ಹಗ್ಗ ಕಟ್ಟೀನಿ" ಅಂದರು.

ಇನ್ನೊಂದು ಹೇಳಿದರು. ಮಧ್ಯಾಹ್ನದ ಬಿಸಿಲಿಗೆ ಹಕ್ಕಿ ಹಳ್ಳಕ್ಕೆ ಹೋಗಿ ಎದೆ ತೊಯಿಸಿಕೊಂಡು ಬಂದು ತತ್ತಿ ಮೇಲೆ ಕೂರುತ್ತದೆ, ನಾ ಮೂರು ದಿನ ನೋಡೀನಿ ಅಂತ. ಟಿಟ್ಟಿಭಗಳು ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ತತ್ತಿ ತಂಪು ಮಾಡುತ್ತವೆ ಅಂತ ನಾನು ಓದಿದ್ದೆ. ಕಣ್ಣಾರೆ ಕಂಡವರನ್ನು ನೋಡಿದ್ದು ಅದೇ ಮೊದಲು.

ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಮಗ ಮಾತಾಡಲಿಲ್ಲ. ಬಸ್ಸಿಗೆ ಬಿಡಲು ಮಾತ್ರ ಅವನೇ ಬಂದ.

ವಾಪಸ್ ಬಂದ ಮೇಲೆ ಗುಂಪನ್ನು ಮತ್ತೆ ತೆರೆದು ಬರೆದೆ. ಎಲ್ಲರ ಮುಂದೆ ಅಂದದ್ದನ್ನು ಎಲ್ಲರ ಮುಂದೆಯೇ ತಿದ್ದಬೇಕು, ಖಾಸಗಿಯಾಗಿ ಕ್ಷಮೆ ಕೇಳಿದರೆ ಸಾಲದು ಅಂತ ಅಮ್ಮನೇ ಹೇಳಿದ್ದಳು. ಕಾಕಾಗೆ ಮೊದಲು ಓದಿ ತೋರಿಸಿದೆ. ಮನೆತನದ ಮಾತು ಬರೆಯುವುದು ಬೇಡ ಅಂದರು, ಆಗ ಬರೆಯಲಿಲ್ಲ. ಈಗ ಇಲ್ಲಿ ಬರೆಯುತ್ತಿರುವುದು ಅವರನ್ನು ಕೇಳಿಯೇ. ಗುಂಪಿನಲ್ಲಿ ಬರೆದದ್ದು ಇಷ್ಟು: ತತ್ತಿ ಇದ್ದಲ್ಲೇ ಇವೆ. ಅವರು ತೆಗೆದದ್ದು ಫೋಟೋ. ಹಗ್ಗ ಕಟ್ಟಿದ್ದು ಕಾಪಾಡಲು. ನಾನು ಕೇಳದೆ ಬೇಟೆ ಅಂದೆ, ಅದು ಸುಳ್ಳು. ಅವರು ಭಾನುವಾರ ಮಧ್ಯಾಹ್ನವೇ ಗುಂಪು ಬಿಟ್ಟಿದ್ದರು, ಅದು ಗೊತ್ತಿದ್ದೂ ನಾನು ಹೇಳಲಿಲ್ಲ. ಬೀದರಿನ ಹುಡುಗ ಅದರ ಕೆಳಗೆ ತಾನೇ ಬರೆದ, ಮೊದಲು ತಪ್ಪು ಓದಿದವನು ನಾನು ಅಂತ. ಹಾಗೆ ಬರೆ ಅಂತ ನಾನು ಅವನಿಗೆ ಹೇಳಿರಲಿಲ್ಲ.

ಎರಡು ದಿನ ಬಿಟ್ಟು ಕಾಕಾ ವಾಪಸ್ ಬಂದರು. ಹಿಂದೆಯೇ ನಿಜವಾದ ಜಗಳ ಶುರುವಾಯಿತು, ಇದನ್ನು ನಾನು ಜಗಳ ಅಂತಲೇ ಕರೆಯುತ್ತೇನೆ, ಯಾಕಂದರೆ ಇಲ್ಲಿ ಯಾರೂ ಯಾರ ಮಾತನ್ನೂ ತಪ್ಪು ತಿಳಿದಿರಲಿಲ್ಲ, ನಿಜವಾಗಲೂ ಬೇರೆ ಬೇರೆ ಅಭಿಪ್ರಾಯ ಇದ್ದವು. ಬೀದರಿನ ಹುಡುಗ ಹೇಳಿದ, ಕಾಕಾ ಮಾಡಿದ್ದು ಒಳ್ಳೆ ಮನಸ್ಸಿನಿಂದ, ಆದರೆ ಕೋಲು ಗೂಡಿಗೆ ಬಹಳ ಹತ್ತಿರ ಇದೆ, ಅದರ ಮೇಲೆ ಕಾಗೆ ಬಂದು ಕೂರುತ್ತದೆ, ತತ್ತಿ ಅದಕ್ಕೆ ಸುಲಭವಾಗಿ ಕಾಣುತ್ತದೆ. ಇನ್ನೊಬ್ಬರು, ಗುರುತು ಇಲ್ಲದಿದ್ದರೆ ಟ್ರ್ಯಾಕ್ಟರ್ ಹೋಗುತ್ತದಲ್ಲ ಅಂದರು. ನಮ್ಮಲ್ಲಿ ಒಬ್ಬ ನಿವೃತ್ತ ಕೃಷಿ ಅಧಿಕಾರಿ ಇದ್ದಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ ರೈತರೂ ಸ್ವಯಂಸೇವಕರೂ ಸೇರಿ ಹುಲ್ಲುಗಾವಲಿನ ಟಿಟ್ಟಿಭದ ಗೂಡುಗಳಿಗೆ ಕೋಲು ನೆಟ್ಟು ಗುರುತು ಮಾಡುವುದು ಬಹಳ ವರ್ಷದಿಂದ ಇದೆ ಅಂತ ಅವರು ಬರೆದರು. ಕೋಲನ್ನು ಗೂಡಿನಿಂದ ದೂರ ಇಟ್ಟರೆ ಆಯಿತಲ್ಲ ಅಂತಲೂ ಅಂದರು.

ಕಾಕಾ ಒಂದು ದಿನ ಏನೂ ಬರೆಯಲಿಲ್ಲ. ಮರುದಿನ ದನಿ ಕಳಿಸಿದರು. "ಆ ಹುಡುಗ ಅಂದದ್ದು ಖರೇ ಐತ್ರಿ. ಇವತ್ತ ಮುಂಜಾನಿ ಕಾಗಿ ಕೋಲಿನ ಮ್ಯಾಲೆ ಕುಂತಿತ್ತು. ಹಗ್ಗ ಬಿಚ್ಚೀನಿ. ಕೋಲು ದೂರ ಸರಿಸೀನಿ."

ಫೋಟೋ ನಿಯಮದ ಬಗ್ಗೆ ಮಾತ್ರ ಇಬ್ಬರೂ ಒಪ್ಪಲಿಲ್ಲ. ಗೂಡು ಎಲ್ಲಿದೆ ಅಂತ ಊರಿನವರಿಗೆ ಗೊತ್ತಿದ್ದರೇ ಅದು ಉಳಿಯುತ್ತದೆ ಅಂತ ಕಾಕಾ. ಯಾರಿಗೂ ಗೊತ್ತಿಲ್ಲದಿದ್ದರೇ ಉಳಿಯುತ್ತದೆ ಅಂತ ಹುಡುಗ. ಹೊಲದ ಗೂಡಿಗೆ ಕಾಕಾ ಸರಿ, ಫೋಟೋಗ್ರಾಫರ್‌ಗಳು ಮುಗಿಬೀಳುವ ಹಕ್ಕಿಗೆ ಹುಡುಗ ಸರಿ ಅಂತ ನನಗೆ ಅನ್ನಿಸುತ್ತದೆ, ಆದರೆ ಇದು ನನ್ನ ಲೆಕ್ಕ ಅಷ್ಟೇ. ಸದ್ಯಕ್ಕೆ ನಾವು ಮಾಡಿಕೊಂಡದ್ದು ಇದು. ಗೂಡಿನ ಫೋಟೋ ಮರಿ ಎದ್ದು ಹೋದ ಮೇಲೆ ಹಾಕಬಹುದು, ಊರಿನ ಹೆಸರು ಇಲ್ಲದೆ. ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಬಾರದು, ಯಾಕಂದರೆ ಹಾಗೆ ಕಳಿಸಿದರೆ ಫೋನ್ ಅದರೊಳಗೆ ಬರೆದಿಟ್ಟ ಜಾಗದ ವಿವರವೂ ಜೊತೆಗೆ ಹೋಗುತ್ತದೆ. ಯಾರಾದರೂ ನಿಯಮ ಮೀರಿದರು ಅನ್ನಿಸಿದರೆ ಗುಂಪಿನಲ್ಲಿ ಬರೆಯುವ ಮುಂಚೆ ಅಡ್ಮಿನ್ ಅವರಿಗೆ ಫೋನ್ ಮಾಡಬೇಕು. ಇದಕ್ಕೂ ಎಲ್ಲರ ಒಪ್ಪಿಗೆ ಇಲ್ಲ. ಇಬ್ಬರು ಗುಂಪು ಬಿಟ್ಟು ಹೋದರು. ಅವರಿಗೂ ಫೋನ್ ಮಾಡಿದೆ. ಒಬ್ಬರು ಎತ್ತಿದರು, ಇನ್ನೊಬ್ಬರು ಎತ್ತಲಿಲ್ಲ.

ರೋಹಿಣಿ ಮಳೆ ಒಂದು ಸಲ ಬಂದು ಹೋಯಿತು. ಮಿರಗ, ಅಂದರೆ ಮೃಗಶಿರಾ ಮಳೆ, ಇನ್ನೂ ಕೂಡಿರಲಿಲ್ಲ. ಒಂದು ಮುಂಜಾನೆ ಕಾಕಾ ಬರೆದರು: "ತತ್ತಿ ಒಡದಾವ್ರಿ."

ಅಷ್ಟೇ. ಫೋಟೋ ಇಲ್ಲ. ನಾನು ಓದಿದೆ, ಮತ್ತೆ ಓದಿದೆ. ಒಡೆದವು ಅಂದರೆ ಏನು, ಟ್ರ್ಯಾಕ್ಟರ್ ಹೋಯಿತಾ, ನಾಯಿ ತುಳಿಯಿತಾ? ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆಮೇಲೆ ಬೀದರಿನ ಹುಡುಗ ಬರೆದ.

"ಕಾಕಾ, ಮರಿ ಬಂದ್ವೇನ್ರಿ?"

ಕಾಕಾ ದನಿ ಕಳಿಸಿದರು. ಹಿಂದೆ ಎರಡು ಟಿಟ್ಟಿಭ ಒಂದೇ ಸಮನೆ ಕೂಗುತ್ತಿದ್ದವು, ಅವರ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. "ಮೂರು ಬಂದಾವ. ಒಂದು ಹಂಗೇ ಐತಿ. ಹತ್ರ ಹೋಗಿಲ್ಲಪ್ಪಾ, ಒಡ್ಡಿನ ಮ್ಯಾಲೇ ನಿಂತೀನಿ."